ಬಾಟ್ಲಿ ಮುಟ್ಟೋ ಮುಂಚೆ ಪ್ರಶ್ನೆ ಕೇಳೋ ವಾಟರ್ ಟೆಸ್ಟಿಂಗ್ ಲ್ಯಾಬ್, ನಾಲ್ಕು ಸ್ಟಾರ್

ನಮ್ಮ ಲೇಔಟ್ ಬೋರ್‌ವೆಲ್ ನೀರು ಟೆಸ್ಟ್ ಮಾಡ್ಸೋಕೆ ತುಮಕೂರಿನ ಈ ಲ್ಯಾಬಿಗೆ ಹೋಗಿದ್ವಿ. "ಫುಲ್ ಟೆಸ್ಟ್ ಮಾಡ್ಬಿಡಿ ಮೇಡಂ" ಅಂದ್ರೆ ಅವ್ರು ಮೊದ್ಲು ಕೂರ್ಸಿ, ಕುಡಿಯೋಕಾ, ತೋಟಕ್ಕಾ, ಇಲ್ಲ ಆರ್‌ಒ ಹಾಕ್ಸೋಕೆ ನೋಡ್ತಿದೀರಾ, ರಿಪೋರ್ಟ್ ಬಂದ್ಮೇಲೆ ಅದ್ರಿಂದ ಏನ್ ಡಿಸೈಡ್ ಮಾಡ್ಬೇಕು ಅಂತ ಕೇಳಿದ್ರು. ಇದೇ ನಂಗೆ ತುಂಬಾ ಹಿಡಿಸಿದ್ದು ಕಣ್ರೀ, ಯಾಕಂದ್ರೆ ತೋಟಕ್ಕಾದ್ರೆ ಸೋಡಿಯಂ, ಉಪ್ಪಿನಂಶ ನೋಡ್ಬೇಕು, ಕುಡಿಯೋಕಾದ್ರೆ ಫ್ಲೋರೈಡು, ನೈಟ್ರೇಟು, ಕೋಲಿಫಾರ್ಮು (ನೀರಿಗೆ ಕೊಳಕು ಸೇರಿರಬಹುದು ಅಂತ ತೋರ್ಸೋ ಬ್ಯಾಕ್ಟೀರಿಯಾ), ಅದ್ರಲ್ಲೂ ನಮ್ಮ ಕಡೆ ಫ್ಲೋರೈಡ್ ಬಿಡೋ ಹಾಗೇ ಇಲ್ಲ.

ಯಾವ್ಯಾವ ಟೆಸ್ಟು, ಯಾವ ಸ್ಟ್ಯಾಂಡರ್ಡ್ ಜೊತೆ ಹೋಲ್ಸೋದು (ನಮ್ಗೆ ಐಎಸ್ 10500, ಅಂದ್ರೆ ಕುಡಿಯೋ ನೀರಿಗಿರೋ ಭಾರತದ ಸ್ಟ್ಯಾಂಡರ್ಡ್), ಸ್ಯಾಂಪಲ್ ಬೋರ್ ಬಾಯಿಂದನಾ ಟ್ಯಾಂಕಿಂದನಾ, ಎಲ್ಲಾ ಒಂದೇ ಹಾಳೇಲಿ ಬರ್ದು ಅವ್ರೂ ನಾವೂ ಸೈನ್ ಹಾಕಿದ್ವಿ. ನಲ್ಲಿ ನೀರಲ್ಲಿ ಬ್ಯಾಕ್ಟೀರಿಯಾ ಸಿಕ್ರೆ ತಪ್ಪು ಬೋರ್‌ದಾ ಟ್ಯಾಂಕ್‌ದಾ ಅಂತ ಗೊತ್ತಾಗಲ್ಲ, ಅದಕ್ಕೆ ಎರಡೂ ಕಡೆ ತೆಗೀರಿ ಅಂದ್ರು. ಬ್ಯಾಕ್ಟೀರಿಯಾ ಟೆಸ್ಟಿಗೆ ಸ್ಟೆರೈಲ್ ಬಾಟ್ಲಿ ಅವ್ರೇ ಕೊಟ್ರು, ಮುಚ್ಚಳದ ಒಳಗಡೆ ಕೈ ತಾಗಿಸ್ಬೇಡಿ, ಐಸ್ ಬಾಕ್ಸಲ್ಲಿಟ್ಟು ಅವತ್ತೇ ತನ್ನಿ ಅಂತ ಹೇಳಿ ಕಳ್ಸಿದ್ರು.

ರಿಪೋರ್ಟಲ್ಲಿ ಫ್ಲೋರೈಡಿಗೆ ಲೀಟರಿಗೆ 1.0 ಮತ್ತು 1.5 ಮಿಲಿಗ್ರಾಂ, ಎರಡೂ ಮಿತಿ ಪಕ್ಕಪಕ್ಕ ಹಾಕಿದಾರೆ, ಬೇರೆ ನೀರಿನ ಮೂಲ ಇಲ್ದಿದ್ರೆ ಮಾತ್ರ ಎರಡನೇದು ಅಂತನೂ ಬಿಡ್ಸಿ ಹೇಳಿದ್ರು. ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ರಿಪೋರ್ಟ್ ಯಾವತ್ತು ಸಿಗುತ್ತೆ ಅನ್ನೋದು ಆ ಹಾಳೇಲಿ ಇರ್ಲಿಲ್ಲ, ಫೋನ್ ಮಾಡಿ ಮಾಡಿ ತಗೋಬೇಕಾಯ್ತು. ಹೋಗೋರು ಡೇಟೂ ಬರೆಸ್ಕೊಳ್ಳಿ.