ಹತ್ತನೆಯ ತರಗತಿಯ ಗಣಿತಕ್ಕೆ ಆರನೆಯ ತರಗತಿಯಿಂದ ಪಾಠ: ಕಲಬುರಗಿಯ ಒಂದು ಮನೆಪಾಠದ ಬಗ್ಗೆ

ಗಣಿತದಲ್ಲಿ ಹಿಂದೆ ಬಿದ್ದ ಮಗುವಿಗೆ ಟ್ಯೂಷನ್ ಹುಡುಕುವಾಗ ನಮ್ಮೂರಿನ ಪಾಲಕರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಫೀ ಎಷ್ಟು, ಸಿಲೆಬಸ್ ಯಾವಾಗ ಮುಗಿಯುತ್ತದೆ. ಸೇಡಂ ರಸ್ತೆಯ ಕಡೆ ತಮ್ಮ ಮನೆಯಲ್ಲೇ ಪಾಠ ಹೇಳುವ, ಗಣಿತದಲ್ಲಿ ಎಂ.ಎಸ್ಸಿ. ಮಾಡಿರುವ ಶಿಕ್ಷಕಿಯೊಬ್ಬರು ನಮಗೆ ಮೊದಲನೆಯದಕ್ಕೆ ಮಾತ್ರ ನೇರ ಉತ್ತರ ಕೊಟ್ಟರು. ಎರಡನೆಯದಕ್ಕೆ, ಹುಡುಗ ಎಲ್ಲಿ ನಿಂತಿದ್ದಾನೆಂದು ನೋಡದೆ ಹೇಳಲಾಗದು ಎಂದರು. ಒಂದು ಶೈಕ್ಷಣಿಕ ವರ್ಷ ಅವರ ಪಾಠವನ್ನು ಹತ್ತಿರದಿಂದ ನೋಡಿದ ಮೇಲೆ, ಆ ಉತ್ತರವೇ ಅವರ ಕೆಲಸದ ತಿರುಳೆಂದು ನನಗೆ ಅನಿಸಿದೆ.

ಹುಡುಗ ನನ್ನ ತಂಗಿಯ ಮಗ. ಚಿಂಚೋಳಿ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಒಂಬತ್ತನೆಯ ತರಗತಿಗೆ ಶಹಾಬಜಾರಿನ ನಮ್ಮ ಮನೆಗೆ ಬಂದವನು. ಆ ವರ್ಷ ಅವನನ್ನು ಒಂದು ಬ್ಯಾಚ್ ಟ್ಯೂಷನ್ನಿಗೆ ಕಳುಹಿಸಿದ್ದೆವು. ಕೋಣೆ ತುಂಬ ಮಕ್ಕಳು, ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕ, ಅದನ್ನು ಇಳಿಸಿಕೊಂಡ ಅಂದವಾದ ನೋಟ್ಸ್ ಇಷ್ಟೇ ಅಲ್ಲಿಯ ಕ್ರಮ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಮಾತ್ರ ಎದ್ದು ಕೂಡಲಿಲ್ಲ. ಅವನ ಶಾಲೆಯ ಗಣಿತ ಶಿಕ್ಷಕರನ್ನೇ ಮನೆಪಾಠಕ್ಕೆ ಕೇಳಿದಾಗ ಅವರು ಒಪ್ಪಲಿಲ್ಲ, ಮತ್ತು ಅದು ಸರಿಯೇ. ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಸೆಕ್ಷನ್ ಹೇಳುತ್ತದೆ.

ಹೊಸ ಶಿಕ್ಷಕಿ ಪಾಠ ಶುರುಮಾಡಿದ್ದು ಬೇಸಿಗೆ ರಜೆಯಲ್ಲಿ. ಬಿಸಿಲಿನ ಕಾರಣಕ್ಕೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುವಾಗ, ಅವರು ಮಕ್ಕಳನ್ನು ಇನ್ನೂ ಮೊದಲೇ, ಬೆಳಿಗ್ಗೆ ಆರೂವರೆಗೆ ಕೂಡಿಸಿ ಎಂಟಕ್ಕೆಲ್ಲ ಮನೆಗೆ ಕಳುಹಿಸುತ್ತಿದ್ದರು. ಮೊದಲ ದಿನ ಅವರು ತೆರೆದದ್ದು ಪಠ್ಯಪುಸ್ತಕವನ್ನಲ್ಲ, ಹುಡುಗನ ಹಳೆಯ ಟ್ಯೂಷನ್ ನೋಟ್‌ಬುಕ್ಕನ್ನು. ಮುಂದಿನ ವರ್ಷದ ವರ್ಗ ಸಮೀಕರಣವನ್ನೂ ಆ ಟ್ಯೂಷನ್ನಿನಲ್ಲಿ ಮುಂಚಿತವಾಗಿ ‘ಮುಗಿಸಿ’ಬಿಟ್ಟಿದ್ದರು. ಎಕ್ಸ್ ವರ್ಗ ಮೈನಸ್ 5 ಎಕ್ಸ್ ಪ್ಲಸ್ 6 ಸೊನ್ನೆಗೆ ಸಮ ಎಂಬ ಲೆಕ್ಕದಲ್ಲಿ ಇವನು ಸೂತ್ರವನ್ನು ಒಂದಕ್ಷರ ತಪ್ಪದೆ ಬರೆದಿದ್ದ. ಆದರೆ ಮೈನಸ್ 5ರ ವರ್ಗವನ್ನು ಮೈನಸ್ 25 ಎಂದು ಹಾಕಿ, ಅದರಿಂದ 24 ಕಳೆದು ಶೋಧಕವನ್ನು (ಮೂಲಗಳು ಎಂಥವೆಂದು ತಿಳಿಸುವ ಸಂಖ್ಯೆಯನ್ನು) ಮೈನಸ್ 49 ಮಾಡಿಕೊಂಡು, ‘ಮೂಲಗಳು ವಾಸ್ತವವಲ್ಲ’ ಎಂದು ಕೆಳಗೆ ಗೆರೆ ಎಳೆದು ತೀರ್ಮಾನಿಸಿದ್ದ. ಮೂಲಗಳು 2 ಮತ್ತು 3 ಎಂಬುದು ಬಾಯಿಲೆಕ್ಕದಲ್ಲೇ ಸಿಗುವಂಥದ್ದು. ಆ ಪುಟದ ಮೇಲೆ ಮೊದಲಿನವರ ಕೆಂಪು ಅಡ್ಡಗೆರೆಯಿತ್ತು, ಪಕ್ಕದಲ್ಲಿ ಅದೇ ಸೂತ್ರವನ್ನು ಹತ್ತು ಸಲ ಬರೆಯಿಸಿದ್ದರು. ಅವನಿಗೆ ಬಾರದಿದ್ದದ್ದು ಸೂತ್ರವೇ ಅಲ್ಲ.

ಇವರು ಗೀಟು ಹಾಕಲಿಲ್ಲ. ‘ಹಿಂಗ್ಯಾಕ ಬರದಿ, ನನಗ ತಿಳಿಸಿ ಹೇಳು’ ಎಂದು ಕೇಳಿ, ಅವನು ತಡವರಿಸಿ ಮುಗಿಸುವವರೆಗೂ ಸುಮ್ಮನೆ ಕುಳಿತರು. ಆಮೇಲಿನ ಹಲವು ವಾರ ಪಾಠ ನಡೆದದ್ದು ಆರು ಮತ್ತು ಏಳನೆಯ ತರಗತಿಯ ಪೂರ್ಣಾಂಕ, ಭಿನ್ನರಾಶಿ, ಆವರಣ ಬಿಡಿಸುವುದರ ಮೇಲೆ. ಋಣಸಂಖ್ಯೆಗಳ ಗುಣಾಕಾರವನ್ನು ಅವರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ ತಿಳಿಸಿದರು: 50 ರೂಪಾಯಿಯ ಉದ್ರಿಯನ್ನು ಅಂಗಡಿಯವನು ಮೂರು ಸಲ ಹೊಡೆದುಹಾಕಿದರೆ ನಿನ್ನ ಕೈಗೆ 150 ರೂಪಾಯಿ ಉಳಿದಂತೆಯೇ ಅಲ್ಲವೇ ಎಂದು. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಐದನೆಯ ಎರಡು ಎನ್ನುತ್ತಿದ್ದ ಹುಡುಗನಿಂದ, ಕೂಡಿಸಿದ ಮೇಲೆ ಬಂದ ಉತ್ತರ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂಬ ಸಂಶಯವನ್ನು ಅವನ ಬಾಯಿಂದಲೇ ಹೊರಡಿಸಿದರು. ಹಿಂದಿನ ತರಗತಿಗಳ ಕೊರತೆ ತುಂಬಲು ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ನಡೆಯುವ ಸೇತುಬಂಧದ ಉದ್ದೇಶವೂ ಇದೇ, ಆದರೆ ತುಂಬಿದ ತರಗತಿಯಲ್ಲಿ, ಸಿಗುವ ಅಲ್ಪ ಕಾಲದಲ್ಲಿ, ಒಬ್ಬೊಬ್ಬರ ತಪ್ಪಿನ ಬೇರಿಗೆ ಇಳಿಯಲು ಯಾವ ಶಿಕ್ಷಕರಿಗೂ ಆಗದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಜೂನ್, ಜುಲೈ ತಿಂಗಳಲ್ಲಿ ಶಾಲೆಯ ಪಾಠ ಮುಂದೆ ಓಡುತ್ತಿದ್ದಾಗ ಇವನು ಇನ್ನೂ ಭಿನ್ನರಾಶಿಯಲ್ಲಿದ್ದ. ಮೊದಲ ರೂಪಣಾತ್ಮಕ ಪರೀಕ್ಷೆಯ ಅಂಕ ನೋಡಿ ಮನೆಯಲ್ಲಿ ಎಲ್ಲರೂ ಗಾಬರಿಯಾದರು. ನಾನು ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕೊಡುವ ‘ಪಾಸಿಂಗ್ ಪ್ಯಾಕೇಜ್’ನಿಂದಲೇ ಓದಿಸಿರೆಂದು ಒತ್ತಾಯಿಸಿದೆ. ಅವರು ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯನ್ನೇ ಮುಂದಿಟ್ಟರು: 80 ಅಂಕಗಳ 38 ಪ್ರಶ್ನೆಗಳಲ್ಲಿ 24 ಪ್ರಶ್ನೆಗಳು ಒಂದು ಇಲ್ಲವೇ ಎರಡು ಅಂಕದವು, ಅವುಗಳಿಂದಲೇ 32 ಅಂಕ, ಮತ್ತು ಚಿಹ್ನೆ ತಪ್ಪುವ ಹುಡುಗ ಕಳೆದುಕೊಳ್ಳುವುದು ಮೊದಲು ಅವನ್ನೇ. ಮಾತು ಗಟ್ಟಿಯಾಗಿತ್ತು. ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ 80ಕ್ಕೆ 47 ಬಂತು. ಊರೆಲ್ಲ ಪೇಡೆ ಹಂಚುವ ಅಂಕವಲ್ಲ, ಆದರೆ ಆ ಉತ್ತರಪತ್ರಿಕೆಯಲ್ಲಿ ಖಾಲಿ ಬಿಟ್ಟ ಪ್ರಶ್ನೆಗಳು ಬಹಳ ಕಡಿಮೆಯಿದ್ದವು.

ಕೊರತೆಗಳನ್ನೂ ಹೇಳಬೇಕು. ಬೀಜಗಣಿತದಲ್ಲಿ ತೋರುವ ತಾಳ್ಮೆಯನ್ನು ಇವರು ರೇಖಾಗಣಿತದಲ್ಲಿ ತೋರುವುದಿಲ್ಲ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಉಳಿದವರಂತೆಯೇ ಬಾಯಿಪಾಠ ಮಾಡಿಸಿದರು, ಚಿತ್ರದ ಅಕ್ಷರಗಳನ್ನು ಬದಲಿಸಿ ಕೊಟ್ಟರೆ ಹುಡುಗ ಇಂದಿಗೂ ತಡವರಿಸುತ್ತಾನೆ. ಪಾಠ ಇಲ್ಲವೆಂಬ ಸುದ್ದಿ ಕೆಲವೊಮ್ಮೆ ಹುಡುಗ ಅವರ ಬಾಗಿಲಿಗೆ ಹೋದ ಮೇಲೆಯೇ ತಿಳಿಯುತ್ತಿತ್ತು. ಶಹಾಬಜಾರಿನಿಂದ ಆಟೋ ಹಿಡಿದು ಹೋಗುವವರಿಗೆ ಇದು ಸಣ್ಣ ತೊಂದರೆಯಲ್ಲ. ಮಗುವಿನ ಪ್ರಗತಿಯನ್ನು ಅವರು ಬರೆದು ಕೊಡುವುದಿಲ್ಲ, ಪಾಲಕರೇ ಹೋಗಿ ಕೇಳಬೇಕು. ವಾರಕ್ಕೆ ಮೂರು ದಿನದ ಪಾಠಕ್ಕೆ ತಿಂಗಳಿಗೆ 2,500 ರೂಪಾಯಿ ಎಂಬುದು ಬ್ಯಾಚ್ ಟ್ಯೂಷನ್ನಿಗೆ ಹೋಲಿಸಿದರೆ ಹೆಚ್ಚೇ, ಆದರೆ ಒಮ್ಮೆಗೆ ನಾಲ್ಕೇ ಮಕ್ಕಳನ್ನು ಕೂಡಿಸುತ್ತಾರೆಂಬುದನ್ನು ಲೆಕ್ಕಕ್ಕೆ ಹಿಡಿದರೆ ನನಗೆ ದುಬಾರಿ ಅನಿಸಲಿಲ್ಲ.

ಈಗಾಗಲೇ ಎಂಬತ್ತು, ತೊಂಬತ್ತು ತೆಗೆಯುತ್ತಿರುವ ಮಕ್ಕಳಿಗೆ ಈ ಪಾಠ ನಿಧಾನವೆನಿಸೀತು. ಅಂಥವರು ಬೇರೆ ಕಡೆ ನೋಡುವುದು ಮೇಲು. ಜನವರಿಯಲ್ಲಿ ಎಚ್ಚೆತ್ತು ಮಾರ್ಚಿಗೆ ಪಾಸು ಮಾಡಿಸಿಕೊಡಿ ಎಂದು ಹೋಗುವವರನ್ನು ಅವರೇ ಸೇರಿಸಿಕೊಳ್ಳುವುದಿಲ್ಲ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು ನಡೆಯುತ್ತಿರುವುದರಿಂದ ಇಂಥ ಮಕ್ಕಳಿಗೆ ಮತ್ತೊಂದು ಅವಕಾಶ ಇದ್ದೇ ಇರುತ್ತದೆಂಬುದು ಅವರ ವಾದ. ಮಗು ಈಗ ಎಂಟು ಅಥವಾ ಒಂಬತ್ತನೆಯ ತರಗತಿಯಲ್ಲಿದ್ದು ಲೆಕ್ಕದ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದರೆ, ವಾರ್ಷಿಕ ಪರೀಕ್ಷೆ ಮುಗಿದ ವಾರವೇ ಅವನ ಹಳೆಯ ನೋಟ್‌ಬುಕ್ಕುಗಳ ಸಮೇತ ಹೋಗಿ ಕೇಳಿ. ಬೇಸಿಗೆಯ ತಂಡಗಳು ಏಪ್ರಿಲ್ ಮೊದಲ ವಾರಕ್ಕೆಲ್ಲ ತುಂಬಿಬಿಡುತ್ತವೆ.