ಅಡೆತಡೆ ಓಟಕ್ಕೆ ವಸಂತದ ತಯಾರಿ: ಮೆಟ್ಟಿಲು, ಏರು ಓಟ, ಭಾರ ಹೊತ್ತ ಚಾರಣ

ಬೆಟ್ಟಗುಡ್ಡದ ದಾರಿಯಲ್ಲಿ ಗೋಡೆ, ಹಗ್ಗ, ಭಾರ ಹೊರುವಿಕೆಯಂಥ ಸವಾಲುಗಳನ್ನು ದಾಟುತ್ತ ಸಾಗುವ ಅಡೆತಡೆ ಓಟಕ್ಕೆ ತಯಾರಾಗುವವರು ಏರನ್ನು ಅಭ್ಯಾಸ ಮಾಡಲು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಕಟ್ಟಡದ ಮೆಟ್ಟಿಲನ್ನೋ ಜಿಮ್‌ನ ಟ್ರೆಡ್‌ಮಿಲ್ಲನ್ನೋ ನಂಬುತ್ತಾರೆ. ಕೆಲವರು ಚಿಕ್ಕದೊಂದು ದಿಬ್ಬವನ್ನು ಆರಿಸಿಕೊಂಡು ಅದನ್ನೇ ಎಂಟು ಹತ್ತು ಸಲ ಓಡಿ ಹತ್ತುತ್ತಾರೆ. ಉಳಿದವರು ಬೆನ್ನಿಗೆ ಭಾರ ಏರಿಸಿಕೊಂಡು ಗಂಟೆಗಟ್ಟಲೆ ಬೆಟ್ಟ ಅಲೆಯುತ್ತಾರೆ. ಸತತ ಮೂರು ವಸಂತಗಳಲ್ಲಿ ನಾನು ಈ ಮೂರನ್ನೂ ಒಂದೊಂದಾಗಿ, ತಲಾ ಹತ್ತು ವಾರ ಪಾಲಿಸಿ, ಪ್ರತಿ ಸಲವೂ ಬೇಸಿಗೆಯ ಆರಂಭದಲ್ಲಿ ಹತ್ತು ಕಿಲೋಮೀಟರಿನ ಒಂದೇ ಬಗೆಯ ಓಟದಲ್ಲಿ ಭಾಗವಹಿಸಿದ್ದೇನೆ. ಚಾರಣವೇ ಮೇಲು ಎಂಬುದು ನನ್ನ ತೀರ್ಮಾನ. ಆದರೆ ಅದಕ್ಕೆ ನಾನು ಮೊದಲು ಊಹಿಸಿದ್ದ ಕಾರಣ ಒಂದು, ಅನುಭವ ತೋರಿಸಿಕೊಟ್ಟ ಕಾರಣ ಇನ್ನೊಂದು.

ಈ ಓಟಗಳಲ್ಲಿ ಬೆಟ್ಟಕ್ಕೆ ಎಷ್ಟು ಪಾಲಿದೆ ಎಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. ಈ ಬಗೆಯ ಓಟಗಳ ಹೆಸರಾಂತ ಸರಣಿಯಾದ ಸ್ಪಾರ್ಟನ್ ರೇಸ್‌ನ ಮೂರು ಮುಖ್ಯ ದೂರಗಳಲ್ಲಿ 5 ಕಿ.ಮೀ.ಗೆ 20, 10 ಕಿ.ಮೀ.ಗೆ 25, 21 ಕಿ.ಮೀ.ಗೆ 30 ಅಡೆತಡೆಗಳಿರುತ್ತವೆ. ಅಂದರೆ ಒಂದು ಅಡೆತಡೆಗೂ ಇನ್ನೊಂದಕ್ಕೂ ನಡುವಿನ ಅಂತರ ಸರಾಸರಿ 250 ಮೀಟರಿನಿಂದ 400ಕ್ಕೆ, ಅಲ್ಲಿಂದ 700ಕ್ಕೆ ಬೆಳೆಯುತ್ತದೆ. ದೂರ ಹೆಚ್ಚಿದಂತೆಲ್ಲ ಓಟಗಾರನ ಹೊತ್ತು ಗೋಡೆ, ಹಗ್ಗಗಳ ಮೇಲೆ ಕಳೆಯುವುದು ಕಡಿಮೆಯಾಗಿ ನೆಲದ ಮೇಲೆ ಕಳೆಯುವುದು ಹೆಚ್ಚಾಗುತ್ತದೆ. ಆ ನೆಲವೋ, ಎಷ್ಟೋ ಕಡೆಗಳಲ್ಲಿ, ಹಿಮವಿಲ್ಲದ ತಿಂಗಳುಗಳ ಸ್ಕೀ ಇಳಿಜಾರು. ಚಾರಣದ ಕಾಲುದಾರಿ ಹಾವಿನಂತೆ ಬಳುಕುತ್ತ ಮೇಲೇರಿದರೆ, ಓಟದ ಪಟ್ಟಿ ಕಟ್ಟಿದವರು ಹುಲ್ಲಿನ ಇಳಿಜಾರಿನಲ್ಲಿ ನೆಟ್ಟಗೆ ಮೇಲಕ್ಕೂ ನೆಟ್ಟಗೆ ಕೆಳಕ್ಕೂ ದಾರಿ ಎಳೆದಿರುತ್ತಾರೆ. ಈ ವ್ಯತ್ಯಾಸ ಮುಂದೆ ಮತ್ತೆ ಬರುತ್ತದೆ.

ಹೋಲಿಕೆ ಆದಷ್ಟು ನ್ಯಾಯವಾಗಿರಲೆಂದು ಮೂರು ವರ್ಷವೂ ಕೈಗಳ ಅಭ್ಯಾಸವನ್ನು ಬದಲಿಸಲಿಲ್ಲ: ವಾರಕ್ಕೆ ಎರಡು ದಿನ ಕಂಬಿಗೆ ಜೋತು ಬೀಳುವುದು, ಪುಲ್‌ಅಪ್, ಹಗ್ಗ ಹತ್ತುವುದು. ಪರೀಕ್ಷೆಗೆ ಒಂದೇ ಬೆಟ್ಟ. ಬುಡದಿಂದ ನೆತ್ತಿಗೆ ಎರಡೂವರೆ ಕಿಲೋಮೀಟರ್ ದಾರಿ, 300 ಮೀಟರ್ ಏರು. ಬೆಟ್ಟ ನಡೆಯುವವರು 1892ರಿಂದ ಬಳಸುತ್ತಿರುವ ನೇಯ್‌ಸ್ಮಿತ್ ಸೂತ್ರ, ಐದು ಕಿಲೋಮೀಟರಿಗೆ ಒಂದು ಗಂಟೆ ಮತ್ತು ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎನ್ನುತ್ತದೆ. ಅದರಂತೆ ಈ ಬೆಟ್ಟಕ್ಕೆ ಸರಿಯಾಗಿ ಒಂದು ತಾಸು ಬೇಕು. ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು: ಮೂರನೆಯ ವರ್ಷದ ಕಾಲು ಮೊದಲ ವರ್ಷದ ಕಾಲಲ್ಲ, ಆದ್ದರಿಂದ ಕೊನೆಯಲ್ಲಿ ಪ್ರಯತ್ನಿಸಿದ ವಿಧಾನಕ್ಕೆ ಹಿಂದಿನ ಎರಡರ ಪುಣ್ಯವೂ ಸ್ವಲ್ಪ ಸೇರಿದೆ.

ಮೊದಲ ವಸಂತ ಮೆಟ್ಟಿಲು ಮತ್ತು ಟ್ರೆಡ್‌ಮಿಲ್ಲಿನದು. ಹಾಳೆಯ ಮೇಲೆ ಇದರಷ್ಟು ಮಿತವ್ಯಯದ ಅಭ್ಯಾಸ ಇನ್ನೊಂದಿಲ್ಲ. ಪಟ್ಟಿಯನ್ನು ಶೇ. 15ರ ಏರಿಗೆ ಇಟ್ಟು ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ ಒಂದು ತಾಸಿನಲ್ಲಿ ಸುಮಾರು 740 ಮೀಟರ್ ಏರಿದಂತಾಗುತ್ತದೆ. ಮಳೆಯಿಲ್ಲ, ಕೆಸರಿಲ್ಲ, ಬೆಟ್ಟದವರೆಗಿನ ಪ್ರಯಾಣವಿಲ್ಲ. ಎಂಟನೆಯ ವಾರಕ್ಕೆ ಪರೀಕ್ಷೆಯ ಬೆಟ್ಟವನ್ನು 54 ನಿಮಿಷದ ಬದಲು 46 ನಿಮಿಷದಲ್ಲಿ ಹತ್ತಿದಾಗ ನನಗೆ ಬಹಳ ಹೆಮ್ಮೆಯೆನಿಸಿತ್ತು. ಓಟದ ದಿನ ಮೂರನೆಯ ಕಿಲೋಮೀಟರಿನ ಇಳಿಜಾರಿನಲ್ಲಿ ಆ ಹೆಮ್ಮೆ ಇಳಿಯಿತು. ತೊಡೆಗಳು ನಡುಗತೊಡಗಿದವು, ಹತ್ತುವಾಗ ನಾನು ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಟ್ರೆಡ್‌ಮಿಲ್ಲಿನಲ್ಲಿ ನಾನು ಸಾವಿರಾರು ಮೀಟರ್ ಹತ್ತಿದ್ದೆ, ಒಂದೇ ಒಂದು ಮೀಟರೂ ಇಳಿದಿರಲಿಲ್ಲ. ಮೆಟ್ಟಿಲಿನಲ್ಲಿ ಇಳಿತವಿದೆಯಾದರೂ ಪ್ರತಿ ಹೆಜ್ಜೆಗೂ ಒಂದೇ ಎತ್ತರ, ಒಂದೇ ಸಮತಟ್ಟು, ಪಕ್ಕದಲ್ಲಿ ಕೈಹಿಡಿ. ಪಾದ ಓರೆಯಾಗಿ ಕೂರುವ, ಕಲ್ಲು ಜಾರುವ ಪಾಠ ಅಲ್ಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಟ್ರೆಡ್‌ಮಿಲ್ ಹತ್ತಿರದಿಂದಲೂ ನುಣ್ಣಗೇ ಇರುವ ಬೆಟ್ಟ.

ಎರಡನೆಯ ವಸಂತದಲ್ಲಿ ಏರು ಓಟ. ಶೇ. 10ರಷ್ಟು ಏರಿರುವ ಮಣ್ಣಿನ ದಿಬ್ಬದಲ್ಲಿ ತೊಂಬತ್ತು ಸೆಕೆಂಡು ಬಿರುಸಾಗಿ ಓಡುವುದು, ನಡೆದು ಇಳಿಯುವುದು, ಮತ್ತೆ ಓಡುವುದು. ಮೊದಲ ವಾರ ಐದು ಸಲ, ಬರುಬರುತ್ತ ಹತ್ತು ಸಲ. ಉಸಿರಿನ ಮಟ್ಟಿಗೆ ಇದನ್ನು ಮೀರಿಸುವಂಥದ್ದು ನನಗೆ ಸಿಕ್ಕಿಲ್ಲ. ಬೆಟ್ಟವನ್ನು ಹತ್ತುವ ಹೊತ್ತು 39 ನಿಮಿಷಕ್ಕೆ ಇಳಿಯಿತು, ಮೂರು ವರ್ಷಗಳಲ್ಲಿ ಅದೇ ಅತ್ಯುತ್ತಮ. ಓಡುವುದನ್ನು ಎಲ್ಲಿ ಬಿಡಬೇಕು ಎಂಬ ವಿವೇಕವೂ ಇಲ್ಲಿಯೇ ಬಂತು: ಇಳಿಜಾರು ಹದಿನೈದು ಡಿಗ್ರಿ ದಾಟಿದ ಮೇಲೆ ಅದೇ ವೇಗದಲ್ಲಿ ಏರಲು ಓಟಕ್ಕಿಂತ ಬಿರುಸಿನ ನಡಿಗೆಗೆ ಕಡಿಮೆ ಶಕ್ತಿ ಸಾಕು, ಕೈಗಳನ್ನು ಮಂಡಿಗೆ ಒತ್ತಿ ನಡೆಯುವವನು ಪಕ್ಕದಲ್ಲಿ ಕುಣಿಯುತ್ತ ಓಡುವವನಿಗಿಂತ ಹಿಂದೆ ಬೀಳುವುದಿಲ್ಲ. ಆದರೆ ಚಳಿಗಾಲವಿಡೀ ಸೋಮಾರಿಯಾಗಿದ್ದ ಹಿಮ್ಮಡಿಯ ಸ್ನಾಯುರಜ್ಜುವಿಗೆ ಈ ಅಭ್ಯಾಸ ಕಟುವಾದದ್ದು. ಐದನೆಯ ವಾರ ಒಮ್ಮೆಲೇ ಎರಡು ಸುತ್ತು ಹೆಚ್ಚಿಸಿದ ತಪ್ಪಿಗೆ, ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿ ಚುಚ್ಚುವ ಸ್ಥಿತಿ ಬಂದು ಹನ್ನೆರಡು ದಿನ ವ್ಯರ್ಥವಾದವು. ಓಟದಲ್ಲಿ ಅರ್ಧ ದಾರಿಯವರೆಗೆ ನನಗೆ ಸಾಟಿಯಿರಲಿಲ್ಲವೆಂದೇ ಅನಿಸಿತ್ತು. ಆಮೇಲೆ ಕಲ್ಲು ತುಂಬಿದ ಬಕೆಟ್ಟನ್ನು ಎದೆಗಪ್ಪಿಕೊಂಡು ದಿಬ್ಬ ಹತ್ತಿ ಇಳಿಯುವ ಘಟ್ಟ ಬಂತು. ಅಲ್ಲಿ ಬರಿದಾದದ್ದು ಮತ್ತೆ ತುಂಬಲೇ ಇಲ್ಲ, ಮುಂದಿನ, ಕೈಗಳಿಂದ ಜೋತುಬಿದ್ದು ದಾಟುವ ಮಂಕಿ ಬಾರ್‌ನ ಮೂರನೆಯ ಕಂಬಿಯಿಂದ ಕೆಳಗೆ ಬಿದ್ದೆ.

ಮೂರನೆಯ ವಸಂತವನ್ನು ಭಾರ ಹೊತ್ತ ಚಾರಣಕ್ಕೆ ಕೊಟ್ಟೆ. ವಾರಕ್ಕೊಂದು ದೀರ್ಘ ನಡಿಗೆ, ಮೂರರಿಂದ ನಾಲ್ಕು ತಾಸು; ನಡುವಾರದಲ್ಲಿ ಒಂದು ತಾಸಿನ ಚಿಕ್ಕದು. ಭಾರಕ್ಕೆ ನೀರಿನ ಕ್ಯಾನುಗಳನ್ನು ಆರಿಸಿಕೊಂಡೆ, ಏಕೆಂದರೆ ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕ ಸುಲಭ, ಮೇಲಾಗಿ ಬೆಟ್ಟದ ನೆತ್ತಿಯಲ್ಲಿ ನೀರು ಚೆಲ್ಲಿ ಮಂಡಿಗಳಿಗೆ ಬಿಡುವು ಕೊಟ್ಟು ಇಳಿಯಬಹುದು. ಆರು ಲೀಟರಿನಿಂದ ಆರಂಭಿಸಿ ಎಂಟನೆಯ ವಾರಕ್ಕೆ ಹನ್ನೆರಡಕ್ಕೆ ತಂದೆ. ನನ್ನ ತೂಕಕ್ಕೆ ಅದು ಆರನೆಯ ಒಂದು ಪಾಲು. ಮೊದಮೊದಲು ಪೂರ್ತಿ ಚೆಲ್ಲಿಯೇ ಇಳಿಯುತ್ತಿದ್ದೆ. ಓಟದಲ್ಲಿ ಮರಳಿನ ಮೂಟೆಯನ್ನು ಮೇಲೆ ಹೊತ್ತವನು ಕೆಳಕ್ಕೂ ಹೊತ್ತು ತರಲೇಬೇಕೆಂಬುದು ನೆನಪಾದದ್ದು ನಾಲ್ಕನೆಯ ವಾರದಲ್ಲಿ. ಅಲ್ಲಿಂದ ಮುಂದೆ ಅರ್ಧ ನೀರನ್ನು ಉಳಿಸಿಕೊಂಡೆ.

ಆ ಇಳಿತಗಳಲ್ಲಿಯೇ ಈ ವಿಧಾನದ ಸತ್ವ ಅಡಗಿದೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ; ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತ, ಬ್ರೇಕಿನಂತೆ ದೇಹದ ಭಾರವನ್ನು ತಡೆಹಿಡಿಯುತ್ತದೆ. ನೋವು ಹುಟ್ಟಿಸುವುದು ಈ ಎರಡನೆಯ ಬಗೆಯ ಕೆಲಸ, ಅದೂ ಆ ದಿನವಲ್ಲ, ಮರುದಿನ ಅಥವಾ ಅದರ ಮರುದಿನ. ಮೊದಲ ಭಾನುವಾರದ ಚಾರಣದ ಬಳಿಕ ಮಂಗಳವಾರ ಬೆಳಗ್ಗೆ ನಾನು ಮನೆಯ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಕೈಹಿಡಿಯನ್ನು ಎರಡೂ ಕೈಗಳಿಂದ ಹಿಡಿದು ಇಳಿದೆ. ಸಂತೋಷದ ಸಂಗತಿಯೆಂದರೆ ಸ್ನಾಯು ಈ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತದೆ: ಒಮ್ಮೆ ಇಂಥ ಇಳಿತ ಆದ ಮೇಲೆ ಮುಂದಿನ ಕೆಲವು ವಾರಗಳವರೆಗೆ ಅದೇ ಇಳಿತ ಅಷ್ಟು ನೋಯಿಸುವುದಿಲ್ಲ. ಮೂರನೆಯ ಭಾನುವಾರದ ನಂತರ ಮೆಟ್ಟಿಲನ್ನು ಎಲ್ಲರಂತೆಯೇ ಇಳಿದೆ. ಮೊದಲ ವರ್ಷ ಓಟದ ದಿನ ನಡುಗಿದ ತೊಡೆಗಳಿಗೆ ಬೇಕಾಗಿದ್ದ ಔಷಧ ಇದೇ ಆಗಿತ್ತು, ನಾನು ಹೆಚ್ಚು ಏರನ್ನು ಕುಡಿಸುತ್ತಿದ್ದೆ.

ಇನ್ನು ಋತುವಿನ ವಿಷಯ. ವಸಂತದ ಬೆಟ್ಟ ಬೇಸಿಗೆಯ ಬೆಟ್ಟದಂತೆ ಗಟ್ಟಿಯಲ್ಲ. ಚಳಿಗಾಲದ ತೇವವಿನ್ನೂ ಆರದ ನೆಲ ಮೆತ್ತಗಿರುತ್ತದೆ, ಹೊಸ ಹುಲ್ಲಿನ ಮೇಲೆ ಇಬ್ಬನಿ ಬಿದ್ದಿರುತ್ತದೆ, ಕಲ್ಲುಗಳ ಮೇಲೆ ಪಾಚಿ ಇರುತ್ತದೆ. ಐದನೆಯ ಚಾರಣದಲ್ಲಿ ಹೆದರಿಕೆಯಿಂದ ಹಿಂದಕ್ಕೆ ವಾಲಿಕೊಂಡು ಹುಲ್ಲಿನ ಇಳಿಜಾರನ್ನು ಇಳಿಯುತ್ತಿದ್ದಾಗ ಹಿಮ್ಮಡಿ ಜಾರಿ, ಚೀಲದ ಮೇಲೆಯೇ ಕುಳಿತು, ಹತ್ತು ಹನ್ನೆರಡು ಅಡಿ ಕೆಳಗೆ ಹೋದೆ. ಕ್ಯಾನಿನ ಮುಚ್ಚಳ ಬಿಚ್ಚಿಕೊಂಡು ಬೆನ್ನಿನ ತುಂಬ ತಣ್ಣೀರು. ಹಿಂದಕ್ಕೆ ವಾಲಿದಷ್ಟೂ ಪಾದದ ಮೇಲಿನ ಒತ್ತಡ ಕಡಿಮೆಯಾಗಿ ಬೂಟಿನ ಹಲ್ಲುಗಳು ನೆಲವನ್ನು ಕಚ್ಚುವುದಿಲ್ಲವೆಂದು ಓದಿದ್ದೆ; ಅಂದು ತಿಳಿಯಿತು. ಮಂಡಿ ಬಗ್ಗಿಸಿ, ಸೊಂಟವನ್ನು ಪಾದಗಳ ಮೇಲೆಯೇ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಬೇಗ ಬೇಗ ಇಳಿಯುವುದು ಅಲ್ಲಿಂದ ರೂಢಿಯಾಯಿತು. ಕೆಸರು ಕಂಡರೆ ಅಂಚಿನಲ್ಲಿ ಸುತ್ತಿ ಹೋಗದೆ ನಡುವೆಯೇ ಹಾಯ್ದು ಹೋಗುವುದನ್ನೂ ಕಲಿತೆ. ಅಂಚು ತುಳಿದರೆ ಕಾಲುದಾರಿ ಅಗಲವಾಗಿ ಹಾಳಾಗುತ್ತದೆ, ಓಟದಲ್ಲಿ ಅಂಚೇ ಇರುವುದಿಲ್ಲ.

ಪಾದರಕ್ಷೆಯಲ್ಲಿಯೂ ಒಂದು ಚಿಕ್ಕ ಹೋಲಿಕೆ ತಾನಾಗಿ ಆಯಿತು. ನೀರು ಒಳಬಿಡದ ಪೊರೆಯಿರುವ ಎತ್ತರದ ಚಾರಣ ಬೂಟು ಒದ್ದೆ ಹುಲ್ಲಿಗೆ ಹೇಳಿ ಮಾಡಿಸಿದಂತಿತ್ತು, ಆದರೆ ತೊರೆಯೊಂದರಲ್ಲಿ ನೀರು ಮೇಲಿನಿಂದ ಒಳಗೆ ಬಿದ್ದ ಮೇಲೆ ಅದೇ ಪೊರೆ ನೀರನ್ನು ಹೊರಗೂ ಬಿಡಲಿಲ್ಲ. ಜಾಳಿಗೆ ಬಟ್ಟೆಯ ಹಗುರ ಟ್ರೇಲ್ ಶೂ ತಕ್ಷಣ ಒದ್ದೆಯಾಗುತ್ತದೆ, ಇಪ್ಪತ್ತು ಹೆಜ್ಜೆಗಳಲ್ಲಿ ನೀರನ್ನು ಹಿಂಡಿಕೊಂಡು ಹಗುರವೂ ಆಗುತ್ತದೆ. ನೀರಿನ ಹೊಂಡಗಳಿರುವ ಓಟಕ್ಕೆ ಎರಡನೆಯದೇ ಸರಿ. ಚಾರಣವನ್ನೂ ಅದರಲ್ಲೇ ಮಾಡಿದರೆ ಕಾಲಿನ ಹರಡು ಗಟ್ಟಿಯಾಗುತ್ತದೆ, ಭಾರವನ್ನು ಮಾತ್ರ ನಿಧಾನವಾಗಿ ಏರಿಸಬೇಕು.

ಚಾರಣದ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಅದು ಅರ್ಧ ದಿನವನ್ನು ನುಂಗುತ್ತದೆ. ಬೆವರಿದ ಮೈಗೆ ನೆತ್ತಿಯ ಗಾಳಿ ಬೇಗ ಚಳಿ ಹಿಡಿಸುವುದರಿಂದ ಒಂದು ಒಣ ಅಂಗಿಯನ್ನು ಹೊರಲೇಬೇಕು, ಎತ್ತರದ ಹುಲ್ಲು ದಾಟಿ ಬಂದ ಮೇಲೆ ಕಾಲಿಗೆ ಉಣ್ಣೆಹುಳ ಅಂಟಿದೆಯೇ ಎಂದು ನೋಡಿಕೊಳ್ಳಲೇಬೇಕು. ವೇಗವಂತೂ ಅದರಿಂದ ಬರಲಿಲ್ಲ. ಬರಿಗೈಯಲ್ಲಿ ಬೆಟ್ಟ ಹತ್ತಲು 42 ನಿಮಿಷ ಬೇಕಾಯಿತು, ಹಿಂದಿನ ವರ್ಷಕ್ಕಿಂತ ಮೂರು ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಬೆನ್ನಿನ ಭಾರ ಎದೆಯ ಭಾರವಲ್ಲ. ಚೀಲದ ಪಟ್ಟಿ ಭಾರವನ್ನು ಭುಜಕ್ಕೂ ಸೊಂಟಕ್ಕೂ ಹಂಚಿ ಕೈಗಳನ್ನು ಆರಾಮಾಗಿ ಬಿಡುತ್ತದೆ. ಬಕೆಟ್ಟು ಪಕ್ಕೆಲುಬನ್ನು ಒತ್ತಿ ಉಸಿರನ್ನು ಕಟ್ಟುತ್ತದೆ, ಮುಂಗೈಗಳನ್ನು ಸುಡುತ್ತದೆ. ಇದಕ್ಕೆ ಆರನೆಯ ವಾರದಿಂದ ಪರಿಹಾರ ಹುಡುಕಿಕೊಂಡೆ. ಕೊನೆಯ ಏರಿನಲ್ಲಿ ಕಾಲುದಾರಿಯ ಬಳುಕು ಮುಗಿದು ಬಂಡೆಯ ನಡುವೆ ನೆಟ್ಟಗೆ ಹತ್ತುವ ಇನ್ನೂರು ಮೀಟರ್ ಜಾಗವಿದೆ. ಅಲ್ಲಿ ಚೀಲವನ್ನು ಕಳಚಿ ಎದೆಗಪ್ಪಿಕೊಂಡು ನಡೆಯುತ್ತಿದ್ದೆ. ಸಮತಟ್ಟಾದ ಕಡೆ ಕ್ಯಾನುಗಳನ್ನು ಎರಡು ಕೈಗಳಲ್ಲಿ ತೂಗಿಸಿಕೊಂಡು, ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುವವರೆಗೆ ಹೋಗುತ್ತಿದ್ದೆ. ಎದುರಿಗೆ ಬಂದ ಚಾರಣಿಗರು ದಾರಿ ಬಿಟ್ಟು ನಿಂತು, ಮೇಲೆ ನೀರು ಸಿಗುವುದಿಲ್ಲವೇ ಎಂದು ಕಾಳಜಿಯಿಂದ ವಿಚಾರಿಸಿದ್ದೂ ಉಂಟು.

ಆ ವರ್ಷದ ಓಟದಲ್ಲಿ ಹತ್ತುವಾಗ ಅನೇಕರು ನನ್ನನ್ನು ಹಿಂದೆ ಹಾಕಿದರು. ಇಳಿಯುವಾಗ ಅವರಲ್ಲಿ ಬಹುತೇಕರು ಮತ್ತೆ ಸಿಕ್ಕಿದರು. ಬಕೆಟ್ಟನ್ನು ಒಂದೇ ಸಲ ಕೆಳಗಿಟ್ಟೆ. ಮಂಕಿ ಬಾರ್‌ಗೆ ಬಂದಾಗ ಏದುಸಿರು ಇರಲಿಲ್ಲ, ಕೊನೆಯ ಕಂಬಿಯವರೆಗೂ ಹಿಡಿತ ಉಳಿಯಿತು. ಕೈಗಳ ಅಭ್ಯಾಸ ಮೂರು ವರ್ಷವೂ ಒಂದೇ ಆಗಿದ್ದರಿಂದ, ಹಿಂದಿನ ಸಲ ಬೆರಳು ಸೋತದ್ದಕ್ಕೆ ಕಾರಣ ಬೆರಳಿನಲ್ಲಿರಲಿಲ್ಲ, ಅದರ ಹಿಂದಿನ ಕಿಲೋಮೀಟರಿನಲ್ಲಿತ್ತು ಎಂದೇ ನನ್ನ ಅನಿಸಿಕೆ.

ಹಾಗಾಗಿ 5 ಕಿ.ಮೀ. ಓಟಕ್ಕೆ ಹೊರಟವರು ಏರು ಓಟವನ್ನೇ ಮುಖ್ಯವಾಗಿಟ್ಟುಕೊಂಡರೆ ನಾನು ಬೇಡವೆನ್ನುವುದಿಲ್ಲ. 10 ಕಿ.ಮೀ.ಗೆ ಚಾರಣ ಬುನಾದಿಯಾಗಬೇಕು. 21ಕ್ಕಂತೂ ಅದಿಲ್ಲದೆ ಹೋಗುವುದು ಸಾಹಸ. ಬರುವ ವಸಂತಕ್ಕೆ ನಾನು ಹಾಕಿಕೊಂಡಿರುವ ಕ್ರಮದಲ್ಲಿ ಮೊದಲ ನಾಲ್ಕು ವಾರ ಹಗುರ ಭಾರದ ಚಾರಣ ಮಾತ್ರ. ಐದರಿಂದ ನಡುವಾರದ ನಡಿಗೆಯ ಬದಲು ಏರು ಓಟ, ಅದೂ ವಾರಕ್ಕೆ ಒಂದೇ ಸುತ್ತು ಹೆಚ್ಚಿಸುತ್ತ. ಗುಡುಗು ಮಿಂಚಿನ ದಿನಗಳಿಗೆ ಟ್ರೆಡ್‌ಮಿಲ್. ಕೊನೆಯ ಭಾರದ ಇಳಿತವನ್ನು ಓಟಕ್ಕೆ ಎರಡು ವಾರ ಮೊದಲೇ ಮುಗಿಸುತ್ತೇನೆ, ಆ ದಿನ ಕ್ಯಾನಿನ ನೀರನ್ನು ಒಂದು ಹನಿಯೂ ಚೆಲ್ಲದೆ ಕೆಳಗೆ ತರುತ್ತೇನೆ.