ಆಪರೇಷನ್ ಡೇಟ್ ಕೊಟ್ಟರು ಅಂತ ಅಡ್ಮಿಟ್ ಆಗಿಬಿಡಬೇಡಿ, ಮೊದಲು ಇದನ್ನು ಓದಿ

ನಮ್ಮಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ನಮ್ಮ ಕಡೆ ದೊಡ್ಡ ಹೆಸರಿರುವ ಖಾಸಗಿ ಆಸ್ಪತ್ರೆ. ಹಿಂದಿನ ಸಂಜೆಯೇ ಸೇರಿಸಿಕೊಂಡರು, ಅಡ್ವಾನ್ಸ್ ಕಟ್ಟಿಸಿಕೊಂಡರು, ರಾತ್ರಿ 12ರಿಂದ ಹನಿ ನೀರೂ ಕುಡಿಸಬೇಡಿ ಅಂದರು.

ಬೆಳಿಗ್ಗೆ ಗೌನ್ ಹಾಕಿಸಿ, ಬಳೆ ತೆಗೆಸಿ, ತಾಳಿ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. "ಲಿಸ್ಟಲ್ಲಿ ಎರಡನೇ ಕೇಸು ನಿಮ್ದೇ." ಆಮೇಲೆ ಸುದ್ದಿಯೇ ಇಲ್ಲ. ಕೇಳಿದರೆ "ಎಮರ್ಜೆನ್ಸಿ ಸಿಸೇರಿಯನ್ ಬಂತು, ಓಟಿ ಖಾಲಿ ಇಲ್ಲ." ಸರಿ, ಎರಡು ಜೀವದ ವಿಷಯ, ಕಾಯ್ತೀವಿ ಅಂದೆವು. ಮಧ್ಯಾಹ್ನ ಕೇಳಿದರೆ "ಅನಸ್ತೇಷಿಯಾ ಡಾಕ್ಟ್ರು ಬೇರೆ ಆಸ್ಪತ್ರೇಲಿದ್ದಾರೆ, ಬರ್ತಾರೆ." ಅಂದರೆ ಆಪರೇಷನ್‌ಗೆ ಮುಂಚೆ ಮತ್ತು ಬರಿಸೋ ಡಾಕ್ಟ್ರು. ಅಮ್ಮನ ತುಟಿ ಒಣಗಿ ಸಿಪ್ಪೆ ಏಳ್ತಿತ್ತು. ಒದ್ದೆ ಹತ್ತಿಯಲ್ಲಿ ಒರೆಸೋಕೆ ಹೋದರೆ ಸಿಸ್ಟರ್ ಗದರಿದರು. ಆಪರೇಷನ್‌ಗೆ ಮುಂಚೆ ಊಟ 6 ಗಂಟೆ, ಬರೀ ನೀರು 2 ಗಂಟೆ ಬಿಟ್ಟರೆ ಸಾಕು ಅನ್ನೋದು ಸಾಮಾನ್ಯ ನಿಯಮ. ಆಪರೇಷನ್ ತಡ ಅಂತ ಗೊತ್ತಿದ್ದೂ ಮುದುಕಿಯನ್ನು ಹಾಗೇ ಒಣಗಿಸಿದರು.

ಸಂಜೆ ಆ ಡಾಕ್ಟರ್ ಬಂದರು. ಫೈಲ್ ತೆರೆದು ಕೇಳಿದ ಮೊದಲ ಪ್ರಶ್ನೆ: "ಕ್ಲೋಪಿಡೋಗ್ರೆಲ್ ಯಾವಾಗ ನಿಲ್ಲಿಸಿದ್ರಿ?"

ನಿಲ್ಲಿಸಿ ಅಂತ ಯಾರು ಹೇಳಿದ್ದರು? ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ ಅದು. ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸ್ತಾರಂತೆ. ಅಮ್ಮನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ನಾಳ ಮುಚ್ಚದ ಹಾಗೆ ಇಡೋ ಪುಟ್ಟ ಜಾಲರಿ ಕೊಳವೆ) ಹಾಕಿದಾಗ ಆ ಮಾತ್ರೆ ಬರೆದುಕೊಟ್ಟಿದ್ದು ಅದೇ ಆಸ್ಪತ್ರೆ. ಹಿಂದಿನ ರಾತ್ರಿ ಅಮ್ಮನ ಬಾಯಿಗೆ ಹಾಕಿದ್ದು ಅದೇ ವಾರ್ಡಿನ ಸಿಸ್ಟರ್! ಅಂದರೆ ಸಿಸೇರಿಯನ್ ಬರದಿದ್ದರೂ, ಡಾಕ್ಟ್ರು ಬೆಳಿಗ್ಗೆಯೇ ಬಂದಿದ್ದರೂ ಅವತ್ತು ಆಪರೇಷನ್ ಆಗ್ತಾನೇ ಇರಲಿಲ್ಲ. ದಿನವಿಡೀ ನಮಗೆ ಹೇಳಿದ ಕಾರಣ ಒಂದೂ ಕಾರಣವೇ ಅಲ್ಲ. ಅಡ್ಮಿಟ್ ಮಾಡಿಕೊಳ್ಳುವ ಮುಂಚೆ ಅನಸ್ತೇಷಿಯಾ ಡಾಕ್ಟರ್ ಒಂದು ಸಲ ನೋಡಿದ್ದರೆ ಸಾಕಿತ್ತು.

"ನೀವು ಹೇಳ್ಬೇಕಿತ್ತು" ಅಂದರು ಆಸ್ಪತ್ರೆಯವರು. ಫೈಲಿನ ಮೊದಲ ಹಾಳೆಯಲ್ಲೇ ಇದೆ ಅಂತ ಬೆರಳಿಟ್ಟು ತೋರಿಸಿದೆ. "ಹಳೇ ಚೀಟಿ ಅನ್ಕೊಂಡ್ವಿ." ಹಳೇ ಚೀಟಿ ಆಗಿದ್ದರೆ ರಾತ್ರಿ ಮಾತ್ರೆ ಯಾಕೆ ಕೊಟ್ಟಿರಿ? ಉತ್ತರ ಇಲ್ಲ. ಬಿಲ್ಲಿಂಗ್‌ನವರ ಮಾತು ಇನ್ನೊಂದು: "ಆಪರೇಷನ್ ಆಗದಿದ್ರೇನು, ಬೆಡ್ ಯೂಸ್ ಮಾಡಿದ್ದೀರಲ್ಲ."

ಅನಸ್ತೇಷಿಯಾ ಡಾಕ್ಟರ್ ನೋಡಿ ಫಿಟ್‌ನೆಸ್ ಬರೆದುಕೊಡದೆ ಅಡ್ವಾನ್ಸ್ ಕಟ್ಟಬೇಡಿ. ಮಾತ್ರೆಗಳನ್ನೆಲ್ಲ ಅವರ ಮುಂದೆ ಸುರಿದು ಯಾವುದು ನಿಲ್ಲಿಸಬೇಕು, ಯಾವುದು ಬಿಡಬಾರದು ಬರೆಸಿಕೊಳ್ಳಿ. ಸ್ಟೆಂಟ್ ಇರುವವರು ಹೃದ್ರೋಗ ಡಾಕ್ಟರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟೇ ಕಟ್ಟಿಕೊಂಡುಬಿಡಬಹುದು.

ಡಿಸ್ಚಾರ್ಜ್ ಹಾಳೆಯನ್ನಂತೂ ಸಾಲು ಸಾಲು ಓದಿ. ನಮ್ಮದರಲ್ಲಿ ಏನು ಬರೆದಿದ್ದರು ಗೊತ್ತಾ? "ರೋಗಿಯ ಕೋರಿಕೆಯಂತೆ ಶಸ್ತ್ರಚಿಕಿತ್ಸೆ ಮುಂದೂಡಲಾಗಿದೆ." ನಮ್ಮ ಕೋರಿಕೆಯಂತೆ! ಆ ಸಾಲು ಹೊಡೆದುಹಾಕಿ ಮಾತ್ರೆಯ ವಿಷಯ ಬರೆಯುವವರೆಗೂ ನಾನು ಸಹಿ ಹಾಕಲಿಲ್ಲ. ನೀವೂ ಹಾಕಬೇಡಿ.